‘ಮಿಕ್ಸಿಯಲ್ಲಿ ಪುಡಿ ಮಾಡಿ’ ಅಂದರೆ ಮುಗಿಯಿತಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮೊಳಕೆ ರಾಗಿಯ ಮಾಲ್ಟನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗ್ಗೆ ಬಂದಿತ್ತು. ಓದಿದೆ. ರಾತ್ರಿ ನೆನೆಹಾಕುವುದು, ಬಟ್ಟೆಯಲ್ಲಿ ಕಟ್ಟುವುದು, ಒಣಗಿಸುವುದು, ಘಮ ಬರುವ ತನಕ ಹುರಿಯುವುದು, ಎಲ್ಲ ಸರಿಯಾಗಿಯೇ ಇದೆ. ನಮ್ಮವ್ವ ಮಾಡುತ್ತಿದ್ದದ್ದೂ ಹಾಗೆಯೇ. ಆದರೆ ಕೊನೆಗೆ ‘ನಂತರ ಮಿಕ್ಸಿಯಲ್ಲಿ ಪುಡಿ ಮಾಡಿ’ ಅಂತ ಒಂದೇ ಸಾಲು. ಅಲ್ಲಿಗೆ ಲೇಖನ ಮುಗಿದು ಪಕ್ಕದಲ್ಲಿ ಒಂದು ಲೋಟದ ಫೋಟೊ. ಸ್ವಾಮಿ, ಕಷ್ಟ ಶುರುವಾಗುವುದೇ ಆ ಸಾಲಿನಲ್ಲಿ. ಬರೆದವರು ಅರ್ಧ ಕೆಜಿಗಿಂತ ಜಾಸ್ತಿ ರಾಗಿಯನ್ನು ಮಿಕ್ಸಿಗೆ ಹಾಕಿ ನೋಡಿಲ್ಲ ಅನ್ನಿಸುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ನಾನು ಇರುವುದು ಕೆಲಮಂಗಲಕ್ಕೂ ಡೆಂಕಣಿಕೋಟೆಗೂ ನಡುವಿನ ಒಂದು ಹಳ್ಳಿಯಲ್ಲಿ. ಜಿಲ್ಲೆ ಕೃಷ್ಣಗಿರಿ, ರಾಜ್ಯ ತಮಿಳುನಾಡು, ಮನೆಮಾತು ಕನ್ನಡ, ಊಟ ಮುದ್ದೆ. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೇತ್ ಮುಂದೆ, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಮಿಷನ್ ಮುಂದೆ, ನಿಂತವನು. ಟರ್ನರ್. ಈಗ ರಿಟೈರ್ ಆಗಿ ಎರಡು ಎಕರೆ ರಾಗಿ, ಸಾಲಿನ ನಡುವೆ ಅವರೆ, ಮನೆ ಹಿಂದೆ ಎರಡು ಹಸು ನೋಡಿಕೊಂಡಿದ್ದೇನೆ. ಮೊಮ್ಮಗುವಿಗೆ ರಾಗಿ ಸರಿ ಬೇಕು, ನಮಗೆ ಬೇಸಿಗೆಯಲ್ಲಿ ಅಂಬಲಿ ಬೇಕು, ಹಸುವಿಗೆ ಒಡೆದ ಹುರುಳಿ ಬೇಕು. ಮೂರಕ್ಕೂ ಮಿಕ್ಸಿ ನಂಬಿಕೊಂಡರೆ ತಿಂಗಳಿಗೊಂದು ಮಿಕ್ಸಿ ಬೇಕು.

ಮಿಕ್ಸಿಯಲ್ಲಿ ಏನಾಗುತ್ತದೆ ಅಂತ ಒಂದು ಸಲ ನೋಡಿ. ರಾಗಿ ಗುಂಡಗಿನ ಸಣ್ಣ ಕಾಳು, ಒಂದೂವರೆ ಮಿಲಿಮೀಟರ್ ಇದ್ದರೆ ಹೆಚ್ಚು. ಬ್ಲೇಡಿಗೆ ಸಿಕ್ಕದ್ದು ಬೂದಿಯ ಹಾಗೆ ಆಗುತ್ತದೆ, ಸಿಗದ್ದು ಜಾರಿನ ಗೋಡೆಗೆ ಹೊಡೆದು ಇಡೀ ಕಾಳಾಗಿಯೇ ಉಳಿಯುತ್ತದೆ. ಎರಡು ನಿಮಿಷಕ್ಕೆ ಜಾರ್ ಮುಟ್ಟಲಾಗದಷ್ಟು ಬಿಸಿ. ಜರಡಿ ಹಿಡಿಯಬೇಕು, ಉಳಿದದ್ದನ್ನು ಮತ್ತೆ ಹಾಕಬೇಕು, ಮತ್ತೆ ಬಿಸಿ. ಮಿಲ್ಲಿಗೆ ತೆಗೆದುಕೊಂಡು ಹೋಗಿ ಅನ್ನುತ್ತೀರಾ? ಹೋಗಿದ್ದೆ. ಎರಡು ಕೆಜಿ ಅಂದರೆ ಮುಖ ತಿರುಗಿಸಿದರು, ಸರದಿ ಕೊನೆಗೆ ಬಂತು, ನನಗಿಂತ ಮುಂಚೆ ಯಾರೋ ಒಣಮೆಣಸಿನಕಾಯಿ ಬೀಸಿಸಿದ್ದರು. ಮನೆಗೆ ತಂದು ಸರಿ ಮಾಡಿ ಮೊಮ್ಮಗುವಿನ ಬಾಯಿಗಿಟ್ಟರೆ ಅದು ಕಿರುಚಿಕೊಂಡಿತು. ಯಾವ ಮಿಲ್ಲು ಅಂತ ಹೇಳುವುದಿಲ್ಲ, ಅವರನ್ನು ಬೈದೂ ಪ್ರಯೋಜನವಿಲ್ಲ. ಆ ಮಿಷನ್ನು ಇರುವುದೇ ಚೀಲಗಟ್ಟಲೆ ಬೀಸುವುದಕ್ಕೆ.

ಹಾಗಾದರೆ ಹಿಂದೆ ಹೇಗೆ ಮಾಡುತ್ತಿದ್ದರು? ಬೀಸುವ ಕಲ್ಲಿನಲ್ಲಿ. ನಮ್ಮ ಮನೆಯದು ಈಗಲೂ ಹಿತ್ತಿಲಲ್ಲಿದೆ, ಮೇಲೆ ತುಳಸಿ ಕುಂಡ ಕೂತಿದೆ. ಆ ಕಲ್ಲಿನ ಒಂದು ವಿಷಯ ಹೇಳಬೇಕು, ಯಾಕೆಂದರೆ ನಾನು ಮುಂದೆ ಬರೆಯುವುದಕ್ಕೆಲ್ಲ ಅದೇ ಬುಡ. ಹಿಟ್ಟು ಬೇಕಾದರೆ ಅವ್ವ ಕಲ್ಲನ್ನು ಇದ್ದ ಹಾಗೇ ತಿರುಗಿಸುತ್ತಿದ್ದಳು. ನುಚ್ಚು ಬೇಕಾದರೆ ಮೇಲಿನ ಕಲ್ಲು ಎತ್ತಿ, ನಡುವಿನ ಗೂಟಕ್ಕೆ ಹಳೇ ಸೀರೆಯ ಅಂಚಿನ ಚೂರು ಒಂದು ಸುತ್ತು ಸುತ್ತಿ, ಮತ್ತೆ ಕೂರಿಸುತ್ತಿದ್ದಳು. ಬೇಳೆ ಒಡೆಯಬೇಕಾದರೆ ಎರಡು ಸುತ್ತು. ಅಷ್ಟೇ. ಎರಡು ಕಲ್ಲುಗಳ ನಡುವಿನ ಸಂದು ಕೂದಲೆಳೆಯಷ್ಟು ಜಾಸ್ತಿಯಾಗುತ್ತಿತ್ತು, ಕೆಳಗೆ ಬೀಳುವ ಪದಾರ್ಥವೇ ಬೇರೆಯಾಗುತ್ತಿತ್ತು. ನಾನು ಕಾರ್ಖಾನೆಗೆ ಸೇರಿದ ಮೇಲೆ ಫೀಲರ್ ಗೇಜ್ ಅಂತ ಒಂದು ಸಾಮಾನು ಕೈಗೆ ಬಂತು, ತೆಳ್ಳಗಿನ ಉಕ್ಕಿನ ಪಟ್ಟಿಗಳ ಕಟ್ಟು, ಸಂದು ಅಳೆಯುವುದಕ್ಕೆ. ಅವ್ವನ ಸೀರೆ ಚೂರು ಅದೇ ಕೆಲಸ ಮಾಡುತ್ತಿತ್ತು ಅಂತ ಹೊಳೆದದ್ದು ಮಾತ್ರ ಮೊನ್ನೆ ಮೊನ್ನೆ. ಅದೂ ಅಮೆರಿಕದಿಂದ ಒಂದು ಫೋನ್ ಬಂದ ಮೇಲೆ.

ನನ್ನ ಅಕ್ಕನ ಮಗ ಒಹಾಯೋದಲ್ಲಿದ್ದಾನೆ. ಸಾಫ್ಟ್‌ವೇರ್ ಕೆಲಸ. ಬಿಡುವಿದ್ದಾಗ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಬಿಯರ್ ಮಾಡುತ್ತಾನೆ. ಅಕ್ಕನಿಗೆ ಗೊತ್ತಿಲ್ಲ, ಆಕೆ ಪೇಪರ್ ಓದುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಅಲ್ಲಿ ಅದು ತಪ್ಪಲ್ಲ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ದೊಡ್ಡವರು ಇಬ್ಬರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ತನಕ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ. ನಮ್ಮಲ್ಲಿ ಮಾಡಿದರೆ ಪೊಲೀಸರು ಬರುತ್ತಾರೆ. 1937ರ ಮದ್ಯನಿಷೇಧ ಕಾಯ್ದೆ ಇನ್ನೂ ಇದೆ. ಆ ನಿಷೇಧ ಮೊಟ್ಟಮೊದಲು ಜಾರಿಯಾದದ್ದು ಸೇಲಂ ಜಿಲ್ಲೆಯಲ್ಲಿ, ಆಗ ನಮ್ಮ ಹೊಸೂರು ಸೀಮೆಯೂ ಸೇಲಂ ಜಿಲ್ಲೆಗೇ ಸೇರಿತ್ತು. ತಂದವರು ರಾಜಾಜಿ, ಅವರು ಹುಟ್ಟಿದ್ದು ಹೊಸೂರು ಪಕ್ಕದ ತೊರಪಳ್ಳಿಯಲ್ಲಿ. ಕಾಯ್ದೆಯೂ ಇದೆ, ಸರ್ಕಾರವೇ ನಡೆಸುವ ಟಾಸ್ಮಾಕ್ ಮದ್ಯದಂಗಡಿಯೂ ಇದೆ. ಇರಲಿ, ಆ ಮಾತು ಬೇಡ. ಈ ಪತ್ರ ಓದಿ ಯಾರೂ ಬಾರ್ಲಿ ನೆನೆಹಾಕಬೇಡಿ. ನಾನು ಹೇಳುತ್ತಿರುವುದು ಕಾಳು ಒಡೆಯುವ ಮಿಷನ್ನಿನ ಬಗ್ಗೆ.

ಅಕ್ಕನ ಮಗ ಒಂದು ಸಣ್ಣ ಮಿಲ್ ತಂದಿದ್ದ. ಎರಡು ಉಕ್ಕಿನ ರೋಲರ್, ಅಕ್ಕಪಕ್ಕ, ಕಬ್ಬಿನ ಗಾಣದ ಮರಿ ಇದ್ದ ಹಾಗೆ. ಕೈಯಲ್ಲಿ ತಿರುಗಿಸುವುದು. ಐದು ಗ್ಯಾಲನ್ ಬಿಯರಿಗೆ ನಾಲ್ಕೂವರೆ, ಐದು ಕೆಜಿ ಮೊಳಕೆ ಬಾರ್ಲಿ ಬೇಕಂತೆ. ಅಷ್ಟು ತಿರುಗಿಸುವ ಹೊತ್ತಿಗೆ ರಟ್ಟೆ ಬಿದ್ದು ಹೋಗಿ, ಹಿಡಿ ತೆಗೆದು ಅಲ್ಲಿಗೆ ಕೈ ಡ್ರಿಲ್ ಸಿಕ್ಕಿಸಿದ್ದಾನೆ. ಮೂರನೇ ಸಲಕ್ಕೆ ಡ್ರಿಲ್ಲಿನಿಂದ ಹೊಗೆ. ಆಗ ಮಾವನ ನೆನಪಾಯಿತು.

‘ಮಾವ, ಇನ್ನೂ ದೊಡ್ಡ ಡ್ರಿಲ್ ತಗೊಳ್ಲಾ?’ ಅಂದ.

‘ಲೋ, ಡ್ರಿಲ್ ಇರೋದು ತೂತು ಹೊಡೆಯೋಕೆ. ಅದರ ಫ್ಯಾನ್ ಸ್ಪೀಡಾಗಿ ಸುತ್ತಿದರೆ ತಾನೇ ತಣ್ಣಗಿರೋದು. ನೀನು ಮೆಲ್ಲಗೆ ಓಡಿಸಿ ಮೇಲೆ ಭಾರ ಬೇರೆ ಹಾಕಿದ್ದೀಯ, ಸುಡದೆ ಇನ್ನೇನಾಗುತ್ತೆ? ಒಂದು ಮೋಟರ್ ತಗೋ, ಅರ್ಧ ಎಚ್‌ಪಿ ಸಾಕು, ಎರಡು ಪುಲ್ಲಿ ಹಾಕು’ ಅಂದೆ.

ಆಮೇಲೆ ಹದಿನೈದು ದಿನ ನಮ್ಮಿಬ್ಬರದು ಇದೇ ಮಾತು. ರೋಲರ್ ಯಾಕೆ, ಮಿಕ್ಸಿಯ ಥರ ಬ್ಲೇಡ್ ಯಾಕಲ್ಲ ಅಂತ ನಾನೇ ಕೇಳಿದೆ. ಅವನು ಹೇಳಿದ್ದು ನನಗೆ ಬಹಳ ಹಿಡಿಸಿತು. ಬಾರ್ಲಿಗೆ ಭತ್ತದ ಹಾಗೆ ಹೊಟ್ಟು ಇರುತ್ತದೆ. ಒಳಗಿನ ತಿರುಳು ತರಿತರಿಯಾಗಿ ಒಡೆಯಬೇಕು, ಹೊಟ್ಟು ಮಾತ್ರ ಹರಿಯದೆ ಸಿಪ್ಪೆಯಾಗಿಯೇ ಉಳಿಯಬೇಕು. ಯಾಕೆಂದರೆ ಮುಂದೆ ಆ ಕಾಳನ್ನು 65ರಿಂದ 68 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು ಸಿಹಿ ನೀರನ್ನು ಬಸಿಯುವಾಗ, ಆ ಹೊಟ್ಟೇ ತಳದಲ್ಲಿ ಕೂತು ಜರಡಿಯಾಗುತ್ತದೆ. ಹೊಟ್ಟು ಪುಡಿಯಾದರೆ ಎಲ್ಲ ಸೇರಿ ಗೋಂದಿನ ಹಾಗೆ ಕಟ್ಟಿಕೊಳ್ಳುತ್ತದೆ, ನೀರು ಇಳಿಯುವುದೇ ಇಲ್ಲ. ಹಾಗಾಗಿ ರೋಲರ್ ಮೆಲ್ಲಗೆ ತಿರುಗಬೇಕು, ನಿಮಿಷಕ್ಕೆ 150ರಿಂದ 200 ಸುತ್ತು. ಸಂದು ಒಂದು ಮಿಲಿಮೀಟರ್ ಆಸುಪಾಸು. ಗೇಜ್ ಇಲ್ಲದವರು ಬ್ಯಾಂಕ್ ಕಾರ್ಡ್ ತೂರಿಸಿ ನೋಡುತ್ತಾರಂತೆ, ಅದು 0.76 ಮಿಲಿಮೀಟರ್ ದಪ್ಪ. ಅವನು ಕಾರ್ಡ್ ತೂರಿಸುವುದನ್ನು ವಿಡಿಯೊದಲ್ಲಿ ತೋರಿಸಿದಾಗಲೇ ನನಗೆ ಅವ್ವನ ಸೀರೆ ಚೂರು ನೆನಪಾದದ್ದು.

ಲೆಕ್ಕದಲ್ಲಿ ನಾನು ಒಂದು ಸಲ ಎಡವಿದೆ, ಅದನ್ನೂ ಹೇಳಿಬಿಡುತ್ತೇನೆ. ಮೋಟರಿಗೆ ಒಂದೂವರೆ ಇಂಚಿನ ಪುಲ್ಲಿ, ರೋಲರಿಗೆ 12 ಇಂಚಿನದು. ಎಂಟಕ್ಕೆ ಒಂದು. ಮೋಟರ್ 1440 ಸುತ್ತಿದರೆ ರೋಲರ್ 180, ಸರಿಯಾಗಿದೆ ಅಂದೆ. ಅವನು ಪುಲ್ಲಿಯ ಮೇಲೆ ಬಿಳಿ ಟೇಪ್ ಅಂಟಿಸಿ, ಫೋನಿನಲ್ಲಿ ನಿಧಾನದ ವಿಡಿಯೊ ತೆಗೆದು ಎಣಿಸಿದ. ‘ಮಾವ, 215 ಬರ್ತಾ ಇದೆ’ ಅಂದ. ನಿನಗೆ ಎಣಿಸೋಕೆ ಬರಲ್ಲ ಅಂತ ಬೈದೆ. ಮತ್ತೆ ಎಣಿಸಿದ, ಅದೇ. ಆಮೇಲೆ ಹೊಳೆಯಿತು. ಅಲ್ಲಿಯ ಕರೆಂಟು 60 ಹರ್ಟ್ಜ್, ನಮ್ಮದು 50. ನಾಲ್ಕು ಪೋಲಿನ ಮೋಟರ್ ಇಲ್ಲಿ 1440 ಓಡಿದರೆ ಅಲ್ಲಿ 1725 ಓಡುತ್ತದೆ. ಮೂವತ್ತೊಂದು ವರ್ಷ 1440 ಅಂತಲೇ ಬಾಯಿಪಾಠ ಆಗಿದ್ದರೆ ಹೀಗೇ ಆಗುವುದು. ಕ್ಷಮಿಸಪ್ಪ ಅಂದೆ. ನಕ್ಕ. 215 ಇದ್ದರೂ ನಡೆಯುತ್ತದೆ ಅಂತ ಹಾಗೇ ಬಿಟ್ಟ.

ಅವನ ಮಿಲ್ ತಯಾರಾದ ದಿನ ಒಡೆದ ಕಾಳನ್ನು ಅಂಗೈಯಲ್ಲಿ ಹಾಕಿ ಕ್ಯಾಮೆರಾ ಮುಂದೆ ಹಿಡಿದ. ಹೊಟ್ಟು ದೋಣಿಯ ಹಾಗೆ ಉದ್ದಕ್ಕೆ ಸೀಳಿ ಬಿದ್ದಿದೆ, ಒಳಗಿನ ಬಿಳೀ ತಿರುಳು ನಾಲ್ಕೈದು ಚೂರಾಗಿ ಪಕ್ಕದಲ್ಲಿದೆ, ಹಿಟ್ಟು ಅಂತ ಬೆರಳಿಗೆ ಹತ್ತಿದ್ದು ಚೂರೇ ಚೂರು. ನಮ್ಮ ಮನೆಯವರು ಹಿಂದಿನಿಂದ ಇಣುಕಿ ನೋಡಿ ‘ಇದು ನುಚ್ಚು ಅಲ್ವಾ? ನಮಗೂ ಒಂದು ಮಾಡಿ’ ಅಂದರು. ಅಲ್ಲಿಂದ ನನ್ನ ಕಥೆ ಶುರು.

ಮೊದಲ ಪೆಟ್ಟು ಮೋಟರಿನಲ್ಲಿ ಬಿತ್ತು. ಒಂದು ಅಂಗಡಿಯಲ್ಲಿ ಅರ್ಧ ಎಚ್‌ಪಿ ಸಿಂಗಲ್ ಫೇಸ್ ಹಳೇ ಮೋಟರ್, ರೀವೈಂಡ್ ಮಾಡಿದ್ದು (ಒಳಗಿನ ತಂತಿ ಹೊಸದಾಗಿ ಸುತ್ತಿದ್ದು), ಪೂರ್ತಿ ತಾಮ್ರದ ತಂತಿ ಅಂತ ಹೇಳಿ ಕೊಟ್ಟರು. ನಂಬಿದೆ. ನಾಲ್ಕನೇ ದಿನ ಬಿಸಿಯಾಗಿ ವಾಸನೆ ಬಂತು. ಬಿಚ್ಚಿ ನೋಡಿದರೆ ಅಲ್ಯೂಮಿನಿಯಂ. ಇಷ್ಟು ವರ್ಷ ಲೋಹದ ಜತೆ ಬದುಕಿದವನಿಗೇ ಹೀಗೆ ಟೋಪಿ. ಅಂಗಡಿಗೆ ಹೋಗಿ ಕೇಳಿದರೆ ‘ನಾವು ಹಾಗೆ ಹೇಳೇ ಇಲ್ಲ’ ಅಂದರು. ರೀವೈಂಡ್ ಆದ ಮೋಟರ್ ತೆಗೆದುಕೊಳ್ಳುವವರು ಅಲ್ಲೇ ಕವರ್ ಬಿಚ್ಚಿಸಿ, ತಂತಿಯ ಮೇಲಿನ ವಾರ್ನಿಷ್ ಒಂದು ಕಡೆ ಕೆರೆದು ನೋಡಿ. ಕೆಂಪಗಿದ್ದರೆ ತಾಮ್ರ, ಬೆಳ್ಳಗಿದ್ದರೆ ಅಲ್ಯೂಮಿನಿಯಂ. ಬಿಚ್ಚಲ್ಲ ಅಂದರೆ ಎದ್ದು ಬನ್ನಿ.

ಎರಡನೆಯದು ಗುಜರಿಯಲ್ಲಿ ಸಿಕ್ಕಿತು. ಯಾವುದೋ ಹೋಟೆಲಿನ ಇಡ್ಲಿ ಹಿಟ್ಟಿನ ದೊಡ್ಡ ಗ್ರೈಂಡರ್, ಕಲ್ಲು ಒಡೆದಿತ್ತು, ಮೋಟರ್ ಮಾತ್ರ ಚೆನ್ನಾಗಿತ್ತು. ಅರ್ಧ ಎಚ್‌ಪಿ, 1440. ನಿಮ್ಮೂರಲ್ಲೂ ಹುಡುಕಿ, ಹೋಟೆಲ್ ಮುಚ್ಚಿದ ಕಡೆಯೆಲ್ಲ ಇಂಥವು ಬಿದ್ದಿರುತ್ತವೆ.

ರೋಲರ್ ನಾನೇ ಮಾಡಿದೆ. ಹಳೇ ಸ್ನೇಹಿತರೊಬ್ಬರ ವರ್ಕ್‌ಶಾಪಿನ ಲೇತಿನಲ್ಲಿ, ಭಾನುವಾರ. 75 ಮಿಲಿಮೀಟರ್ ದಪ್ಪದ, ಇಎನ್8 ಅನ್ನುವ ಉಕ್ಕಿನ ರಾಡು, ಆರಾರು ಇಂಚಿನ ಎರಡು ತುಂಡು. ಮೇಲೆ ನರ್ಲಿಂಗ್ ಹೊಡೆದೆ, ಸ್ಕ್ರೂಡ್ರೈವರ್ ಹಿಡಿಯ ಮೇಲೆ ಗೀರು ಗೀರು ಇರುತ್ತದಲ್ಲ, ಅದು. ನುಣ್ಣಗಿನ ರೋಲರ್ ಕಾಳನ್ನು ಒಳಗೆ ಎಳೆಯುವುದಿಲ್ಲ, ಜಾರಿಸಿಬಿಡುತ್ತದೆ. ರೋಲರ್ ದಪ್ಪ ಇದ್ದಷ್ಟೂ ಸುಲಭವಾಗಿ ಎಳೆಯುತ್ತದೆ. ಅಮೆರಿಕದವನದು ಒಂದೂವರೆ ಇಂಚು ಮಾತ್ರ, ನಾನು ಮೂರು ಇಂಚು ಹಾಕಿದ್ದು ಅದಕ್ಕೇ.

ಇಲ್ಲಿ ಒಂದು ಮಾತು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಎಲ್ಲರೂ ತಪ್ಪುವುದು ಇಲ್ಲೇ. ರಾಗಿಗೆ ಸಂದು ಅರ್ಧ ಮಿಲಿಮೀಟರ್. ಈಗ ರೋಲರ್ ಒಂದು ಸುತ್ತಿನಲ್ಲಿ 0.2 ಮಿಲಿಮೀಟರ್ ಓಲಾಡಿತು ಅಂತಿಟ್ಟುಕೊಳ್ಳಿ. ಕಣ್ಣಿಗೆ ಕಾಣುವುದೇ ಇಲ್ಲ ಅದು. ಆದರೆ ಸಂದು ಅರ್ಧ ಇದ್ದದ್ದು ಒಮ್ಮೆ 0.4 ಆಗುತ್ತದೆ, ಒಮ್ಮೆ 0.6. ಒಂದು ಕಡೆ ಹಿಟ್ಟು, ಇನ್ನೊಂದು ಕಡೆ ಇಡೀ ಕಾಳು. ಮಿಕ್ಸಿ ಮಾಡಿದ್ದನ್ನೇ ನಾವು ಏಳು ಸಾವಿರ ಖರ್ಚು ಮಾಡಿ ಮಾಡಿದ ಹಾಗಾಯಿತು. ಹಾಗಾಗಿ ರೋಲರನ್ನು ಶಾಫ್ಟ್ ಸಮೇತ ಲೇತಿನ ಎರಡು ಸೆಂಟರ್ (ಎರಡು ತುದಿಯ ಮೊನೆ) ನಡುವೆ ಹಿಡಿದು ಕೊನೆಯ ಕಟ್ ತೆಗೆಯಬೇಕು, ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ನೋಡಬೇಕು. ನನ್ನದು 0.03ಕ್ಕೆ ನಿಂತಿತು. ಮೊದಲು ಶಾಫ್ಟಿಗೆ ಪೈಪ್ ವೆಲ್ಡ್ ಮಾಡಿ ರೋಲರ್ ಅಂತ ಕರೆದರೆ ಆಗುವುದಿಲ್ಲ. ವೆಲ್ಡಿಂಗ್ ಬಿಸಿಗೆ ಅದು ಬಾಳೆಹಣ್ಣಿನ ಹಾಗೆ ಬಾಗಿರುತ್ತದೆ. ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮೋಟರ್ ಓಡಿಸುವುದು ಒಂದೇ ರೋಲರನ್ನು. ಇನ್ನೊಂದು, ಕಾಳಿನ ಒತ್ತಡಕ್ಕೆ ತಾನೇ ತಿರುಗಬೇಕು. ಬಾರ್ಲಿಗೆ ತಿರುಗುತ್ತದೆ. ರಾಗಿಗೆ ಕೆಲವು ಸಲ ಸುಮ್ನೆ ನಿಂತುಬಿಡುತ್ತದೆ, ಕಾಳು ಮೇಲೆ ರಾಶಿ ಬಿದ್ದು ಕೂರುತ್ತದೆ. ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ ಎರಡೂ ರೋಲರಿನ ತುದಿಯಲ್ಲಿ ಸುತ್ತಲೂ ಒಂದೊಂದು ಗ್ರೂವ್ ತೋಡಿ ರಬ್ಬರಿನ ಓ-ರಿಂಗ್ ಹಾಕಿದೆ. ಎರಡು ರಬ್ಬರೂ ಒಂದಕ್ಕೊಂದು ತಾಗಿಕೊಂಡು ಎರಡನೆಯದನ್ನೂ ತಿರುಗಿಸುತ್ತವೆ. ಹತ್ತಿಪ್ಪತ್ತು ರೂಪಾಯಿಯ ಕೆಲಸ.

ಬೆಲ್ಟಿನ ವಿಷಯ. ಒಂದೂವರೆ ಇಂಚಿನ ಪುಲ್ಲಿಗೆ ಎ ಸೈಜಿನ ವಿ-ಬೆಲ್ಟ್ ಬಗ್ಗುವುದು ಕಷ್ಟ, ಬೇಗ ಬಿರುಕು ಬಿಡುತ್ತದೆ. ಅಳಿಯನದೂ ಆರು ತಿಂಗಳಿಗೆ ಬಿರುಕು ಬಿಟ್ಟಿತಂತೆ. ನಾನು ನಡುವೆ ಇನ್ನೊಂದು ಶಾಫ್ಟ್ ಹಾಕಿದೆ. ಮೋಟರಿನ ಮೂರು ಇಂಚಿನಿಂದ ಒಂಬತ್ತು ಇಂಚಿಗೆ, ಅದೇ ಶಾಫ್ಟಿನ ಮೂರು ಇಂಚಿನಿಂದ ಮತ್ತೆ ಒಂಬತ್ತಕ್ಕೆ. ಒಟ್ಟು ಒಂಬತ್ತಕ್ಕೆ ಒಂದು. 1440 ಹೋಗಿ 160. ವೇಗ ಇಳಿದಷ್ಟೂ ತಿರುಗಿಸುವ ಬಲ ಏರುತ್ತದೆ, ಅರ್ಧ ಎಚ್‌ಪಿಗೆ ಇದು ಆಟ. ಮೋಟರನ್ನು ತೀರಾ ಹತ್ತಿರ ಇಡಬೇಡಿ. ಜಾಗ ಉಳಿಸೋಣ ಅಂತ ನಾನು ಮೊದಲು ಒತ್ತಿ ಕೂರಿಸಿದ್ದೆ, ಬೆಲ್ಟ್ ಸಣ್ಣ ಪುಲ್ಲಿಯನ್ನು ಸರಿಯಾಗಿ ಅಪ್ಪಿಕೊಳ್ಳದೆ ಜಾರಿ, ರಬ್ಬರ್ ಸುಟ್ಟ ವಾಸನೆ ಮೂರು ಮನೆ ಆಚೆಗೆ ಹೋಗಿತ್ತು.

ಈಗ ಟವಲಿನ ಕಥೆ. ನಾಚಿಕೆಯಾದರೂ ಬರೆಯುತ್ತೇನೆ. ಕಾರ್ಖಾನೆಯಲ್ಲಿ ತೋಳು ಮಡಚದೆ, ಗುಂಡಿ ಹಾಕದೆ ಮಿಷನ್ ಮುಂದೆ ನಿಂತ ಹುಡುಗರಿಗೆ ನಾನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ಮನೆಗೆ ಬಂದ ಮೇಲೆ ಆ ಬುದ್ಧಿಯನ್ನು ಗೇಟಿನ ಹೊರಗೇ ಬಿಟ್ಟು ಬಂದೆ ಅನ್ನಿಸುತ್ತದೆ. ಬೆಲ್ಟಿಗೆ ಗಾರ್ಡ್ ಆಮೇಲೆ ಹಾಕೋಣ, ಮೊದಲು ಓಡುತ್ತದಾ ನೋಡೋಣ ಅಂತ ಸ್ವಿಚ್ ಒತ್ತಿದೆ. ರಾಗಿ ಬೀಳುವುದನ್ನು ಬಗ್ಗಿ ನೋಡಿದೆ. ಹೆಗಲ ಮೇಲಿನ ಟವಲ್ ಜಾರಿತು. ಆಮೇಲೆ ಏನಾಯಿತು ಅಂತ ನೋಡಲೂ ಇಲ್ಲ, ಟವಲ್ ಹೆಗಲಿನಿಂದ ಹೋದದ್ದು ಮಾತ್ರ ಗೊತ್ತು. ಒಂಬತ್ತು ಇಂಚಿನ ಪುಲ್ಲಿಗೆ ಎರಡು ಸುತ್ತು ಸುತ್ತಿಕೊಂಡು, ಬೆಲ್ಟ್ ಕಳಚಿ, ಮೋಟರ್ ಗುಂಯ್ ಅಂತ ಒಂದೇ ಸಮನೆ ಓಡುತ್ತಿತ್ತು. ಟವಲ್ ಹೆಗಲ ಮೇಲೆ ಸಡಿಲವಾಗಿತ್ತು, ಕುತ್ತಿಗೆಗೆ ಸುತ್ತಿರಲಿಲ್ಲ. ಹೊರಗೆ ಬಂದು ಜಗಲಿಯ ಮೇಲೆ ಕೂತೆ, ಒಂದು ಲೋಟ ನೀರು ಕುಡಿಯುವುದಕ್ಕೂ ಕೈ ನಿಲ್ಲಲಿಲ್ಲ. ನಮ್ಮ ಮನೆಯವರು ಬಂದು ನೋಡಿ ಏನೂ ಮಾತಾಡಲಿಲ್ಲ. ಸೆರಗನ್ನು ಎತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಒಳಗೆ ಹೋದರು. ಅವತ್ತೇ ಸಂಜೆ ತಗಡು ಕತ್ತರಿಸಿ ಎರಡೂ ಬೆಲ್ಟ್ ಮುಚ್ಚಿದೆ. ಕಾಳು ಸುರಿಯುವ ಡಬ್ಬಿ, ಅಂದರೆ ಹಾಪರಿಗೂ ಮೇಲೆ ಕಂಬಿಯ ಜಾಲರಿ ಹಾಕಿದೆ, ಮೊಮ್ಮಗುವಿನ ಕೈ ರೋಲರಿನ ತನಕ ಹೋಗದ ಹಾಗೆ.

ಕರೆಂಟಿನದು ಇಷ್ಟೇ: ಅರ್ತಿಂಗ್ ಇಲ್ಲದ ಪ್ಲಗ್ಗಿಗೆ ಹಾಕಬೇಡಿ, ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ ಇರಲಿ, ಆಫ್ ಮಾಡುವ ಸ್ವಿಚ್ ಕೈಗೆ ಸುಲಭವಾಗಿ ಸಿಗುವ ಕಡೆ ಇರಲಿ. ಮೋಟರ್ ಮೊದಲು ಓಡಬೇಕು, ಆಮೇಲೆ ಹಾಪರಿನ ತಗಡು ಸರಿಸಿ ಕಾಳು ಬಿಡಬೇಕು. ತುಂಬಿಸಿಟ್ಟು ಸ್ವಿಚ್ ಹಾಕಿದರೆ ಕಾಳು ಸಂದಿನಲ್ಲಿ ಕಚ್ಚಿಕೊಂಡು ಮೋಟರ್ ಹಮ್ ಅನ್ನುತ್ತಾ ನಿಲ್ಲುತ್ತದೆ. ನಮ್ಮ ಕಡೆ ಸಂಜೆ ಪಂಪ್‌ಸೆಟ್ಟುಗಳೆಲ್ಲ ಓಡುವಾಗ ವೋಲ್ಟೇಜ್ ಬೀಳುತ್ತದೆ, ಆಗಂತೂ ಖಂಡಿತ. ಬೆಳಗ್ಗೆ ಬೀಸಿ. ಮನೆಯೊಳಗೆ ಬೇಡ, ಜಗಲಿಯಲ್ಲಿ. ಹಾರುವ ಹಿಟ್ಟಿನ ಧೂಳಿಗೆ ಬೆಂಕಿ ತಾಗಿದರೆ ಭಗ್ ಅನ್ನುತ್ತದೆ, ಹತ್ತಿರ ಬೀಡಿ ಹಚ್ಚುವವರನ್ನು ಓಡಿಸಿ.

ಇನ್ನು ಕಲ್ಲು. ರಾಗಿ ತೆನೆಯನ್ನು ರಸ್ತೆ ಮೇಲೆ ಹರಡಿ ಲಾರಿ ಬಸ್ಸಿನ ಗಾಲಿಗೆ ಕೊಟ್ಟು ತುಳಿಸುತ್ತೇವಲ್ಲ, ಅದರ ಫಲ ಎಲ್ಲ ಈ ರೋಲರಿನ ಮೇಲೆ ಕಾಣುತ್ತದೆ. ಜಲ್ಲಿ ಚೂರು ಒಂದು ಸಿಕ್ಕರೆ ನರ್ಲಿಂಗಿನಲ್ಲಿ ಗುಳಿ ಬೀಳುತ್ತದೆ. ನನ್ನದಕ್ಕೆ ಈಗಾಗಲೇ ಎರಡು ಬಿದ್ದಿವೆ. ಮೊರದಲ್ಲಿ ಕೇರಿ, ಜರಡಿ ಹಿಡಿದು, ಹಾಪರಿನ ಬಾಯಲ್ಲಿ ಹಳೇ ಸ್ಪೀಕರಿನ ಅಯಸ್ಕಾಂತ ಒಂದನ್ನು ಅಂಟಿಸಿಕೊಳ್ಳಿ. ಮೊದಲ ವಾರ ನನ್ನ ಅಯಸ್ಕಾಂತಕ್ಕೆ ಹತ್ತಿದ್ದು ಎರಡು ಗುಂಡುಪಿನ್ನು, ಒಂದು ಲಾಳದ ಮೊಳೆ. ಅವೆಲ್ಲ ಇಷ್ಟು ದಿನ ಎಲ್ಲಿಗೆ ಹೋಗುತ್ತಿದ್ದವು ಅಂತ ಯೋಚಿಸಬಾರದು.

ನಿಮ್ಮ ಲೇಖನದಲ್ಲಿ ಬಿಟ್ಟುಹೋದ ಇನ್ನೊಂದು ವಿಷಯ ಇದೆ. ಮೊಳಕೆ ಒಣಗಿದ ಮೇಲೆ ಅಂಗೈಯಲ್ಲಿ ಚೆನ್ನಾಗಿ ಉಜ್ಜಿ, ಮೊರದಲ್ಲಿ ಕೇರಿ, ಬೇರಿನ ಎಳೆಗಳನ್ನು ತೆಗೆಯಬೇಕು. ಇಲ್ಲದಿದ್ದರೆ ಸರಿ ಕಹಿ. ಬಾರ್ಲಿಯಲ್ಲೂ ಹಾಗೇ ತೆಗೆಯುತ್ತಾರಂತೆ. ಮೊಳಕೆ ಬರುವಾಗ ಕಾಳಿನೊಳಗೆ ಅಮೈಲೇಸ್ ಹುಟ್ಟುತ್ತದೆ, ಪಿಷ್ಟವನ್ನು ಸಕ್ಕರೆ ಮಾಡುವುದು ಅದೇ. ಮೊಳಕೆ ರಾಗಿಯ ಗಂಜಿ ಗಟ್ಟಿಯಾಗದೆ ತೆಳ್ಳಗೆ, ಸ್ವಲ್ಪ ಸಿಹಿಯಾಗಿ ಇರುವುದು ಅದರಿಂದಲೇ, ಮಗುವಿಗೆ ಕುಡಿಸುವುದು ಸುಲಭ ಆಗುವುದೂ ಅದರಿಂದಲೇ. ಅಮೆರಿಕದ ಶೆಡ್ಡಿನಲ್ಲಿ ಬಿಯರ್ ಆಗುವುದೂ ಇದೇ ಅಮೈಲೇಸಿನಿಂದ. ಅವನ ಬಾನಿ, ನಮ್ಮ ಮೊಮ್ಮಗುವಿನ ಬಟ್ಟಲು, ಎರಡರಲ್ಲೂ ಕೆಲಸ ಒಂದೇ. ಇದನ್ನು ಅಕ್ಕನಿಗೆ ಹೇಳುವ ಧೈರ್ಯ ನನಗಿಲ್ಲ.

ಮಿಷನ್ ಏನು ಮಾಡುತ್ತದೆ, ಏನು ಮಾಡಲ್ಲ ಅಂತ ನೇರವಾಗಿ ಹೇಳುತ್ತೇನೆ. ಇದು ಮುದ್ದೆಗೆ ಹಿಟ್ಟು ಮಾಡುವ ಮಿಷನ್ ಅಲ್ಲ. ಒಂದು ಸಲ ಹಾಕಿದರೆ ರಾಗಿ ತರಿ ಬರುತ್ತದೆ, ಅಂಬಲಿಗೆ ಅದೇ ಚೆಂದ. ಸಂದು ಕಡಿಮೆ ಮಾಡಿ ಇನ್ನೆರಡು ಸಲ ಹಾಕಿ ಜರಡಿ ಹಿಡಿದರೆ ಮಗುವಿನ ಸರಿಗೆ ಆಗುವಷ್ಟು ನಯ ಬರುತ್ತದೆ. ಹಿಟ್ಟು ಬೆರಳಿಗೆ ತಣ್ಣಗಿರುತ್ತದೆ. ಐದು ಕೆಜಿಗೆ ಹತ್ತು ನಿಮಿಷದೊಳಗೆ ಒಂದು ಸುತ್ತು ಮುಗಿಯುತ್ತದೆ. ಅರ್ಧ ಗಂಟೆ ಓಡಿದರೂ ಅರ್ಧ ಯೂನಿಟ್ ಕರೆಂಟ್ ಆಗುವುದಿಲ್ಲ. ಹುರುಳಿಗೆ ಸಂದು ಒಂದೂವರೆ ಮಿಲಿಮೀಟರ್ ಇಟ್ಟರೆ ಬೇಳೆ ಬೇಳೆಯಾಗಿ ಸೀಳುತ್ತದೆ, ಹಸುವಿಗೆ ನೆನೆಸಿ ಕೊಟ್ಟರೆ ಸಗಣಿಯಲ್ಲಿ ಇಡೀ ಕಾಳು ಕಾಣುವುದು ನಿಂತಿತು. ಮೆಕ್ಕೆಜೋಳ ಮಾತ್ರ ಆಗಲಿಲ್ಲ. ಹಾಕಿದೆ, ರೋಲರಿನ ಮೇಲೆ ಕಾಳುಗಳೆಲ್ಲ ಕುಣಿಯುತ್ತಾ ನಿಂತವು, ಒಂದೂ ಒಳಗೆ ಹೋಗಲಿಲ್ಲ. ಅಷ್ಟು ದಪ್ಪದ ಕಾಳನ್ನು ಎಳೆದುಕೊಳ್ಳಲು ಇನ್ನೂ ದೊಡ್ಡ ರೋಲರ್ ಬೇಕು. ಒಟ್ಟು ಖರ್ಚು, ಆ ಅಲ್ಯೂಮಿನಿಯಂ ಮೋಟರಿನ ದಂಡ ಬಿಟ್ಟು, ಏಳು ಸಾವಿರ ರೂಪಾಯಿ. ಲೇತಿನ ಕೂಲಿ ನನ್ನದೇ, ಹಾಗಾಗಿ ಬೇರೆಯವರಿಗೆ ಜಾಸ್ತಿ ಆಗಬಹುದು.

ಸಂಪಾದಕರೇ, ನನ್ನ ತಕರಾರು ರಾಗಿ ಲೇಖನದ ಮೇಲಲ್ಲ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆಯಿತು. ಆ ವರ್ಷ ನಿಮ್ಮ ಪತ್ರಿಕೆಯಲ್ಲಿ ರಾಗಿ ದೋಸೆ ಬಂತು, ರಾಗಿ ಕೇಕ್ ಬಂತು, ರಾಗಿ ತಿಂದರೆ ಏನೇನು ವಾಸಿಯಾಗುತ್ತದೆ ಅಂತ ಒಂದು ಪುಟ ಬಂತು. ರಾಗಿ ಒಡೆಯುವುದು ಹೇಗೆ ಅಂತ ಒಂದು ಸಾಲೂ ಬರಲಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಬೇಳೆ ಒಡೆಯುವ ಪುಟ್ಟ ಮಿಲ್ ಮಾಡಿದರು, ಅಂಥ ಕೆಲಸಗಳ ಅಳತೆ, ಚಿತ್ರ ಕನ್ನಡದಲ್ಲಿ ಪೇಪರಿನಲ್ಲಿ ಬಂದರೆ ಊರಿಗೊಬ್ಬ ಫಿಟ್ಟರ್ ಮಾಡಿಕೊಂಡಾನು. ನಾವು ಗಡಿಯವರು. ಅಂಗಡಿಯಲ್ಲಿ ತಮಿಳು, ಮೋಟರಿನ ತಗಡಿನ ಮೇಲೆ ಇಂಗ್ಲಿಷು, ವರ್ಕ್‌ಶಾಪಿನ ಹುಡುಗರ ಜತೆ ಹಿಂದಿ. ಕನ್ನಡ ಅಂತ ಮನೆಗೆ ಬರುವುದು ಬೆಂಗಳೂರಿನ ಕಡೆಯಿಂದ ಬೆಳಗಿನ ಬಸ್ಸಿನಲ್ಲಿ ಬರುವ ನಿಮ್ಮ ಪೇಪರ್ ಒಂದೇ. ಅದರಲ್ಲಿ ಭವಿಷ್ಯಕ್ಕೆ ಅರ್ಧ ಪುಟ ಕೊಡುತ್ತೀರಿ. ವಾರಕ್ಕೊಂದು ಸಲ ಕಾಲು ಪುಟ ಕೈಕೆಲಸಕ್ಕೂ ಕೊಡಿ. ಬರೆಯುವವರು ಇಲ್ಲ ಅನ್ನಬೇಡಿ. ರಿಟೈರ್ ಆದ ಟರ್ನರು, ಫಿಟ್ಟರು, ವೈಂಡರುಗಳು ಎಷ್ಟೋ ಜನ ಸುಮ್ನೆ ಕೂತಿದ್ದೇವೆ. ನಮ್ಮ ಕನ್ನಡ ನಿಮ್ಮವರು ಸ್ವಲ್ಪ ತಿದ್ದಿಕೊಂಡರೆ ಆಯಿತು.

ಈಗ ನಮ್ಮ ಮನೆಯಲ್ಲಿ ಮಿಷನ್ ಓಡಿಸುವುದು ನಮ್ಮ ಮನೆಯವರೇ. ಸಂದು ತಿರುಗಿಸುವ ಸ್ಕ್ರೂ ಪಕ್ಕದಲ್ಲಿ ಸೊಸೆಯ ಉಗುರಿನ ಬಣ್ಣದಿಂದ ಮೂರು ಚುಕ್ಕೆ ಇಟ್ಟುಕೊಂಡಿದ್ದಾರೆ: ಸರಿಗೆ ಒಂದು, ಅಂಬಲಿಗೆ ಒಂದು, ಹುರುಳಿಗೆ ಒಂದು. ನನ್ನ ಫೀಲರ್ ಗೇಜನ್ನು ಯಾರೂ ಕೇಳುವುದಿಲ್ಲ.

ಪತ್ರದ ಜತೆ ಪೆನ್ಸಿಲಿನಲ್ಲಿ ಬರೆದ ಚಿತ್ರ ಇಟ್ಟಿದ್ದೇನೆ, ಅಳತೆ ಎಲ್ಲ ಮಿಲಿಮೀಟರಿನಲ್ಲಿದೆ, ಪುಲ್ಲಿ ಮಾತ್ರ ಇಂಚು, ಅಂಗಡಿಯಲ್ಲಿ ಹಾಗೇ ಕೇಳಬೇಕು. ಜಾಗ ಸಾಲದಿದ್ದರೆ ನನ್ನ ಅಳಿಯನ ಕಥೆ ತೆಗೆಯಿರಿ, ರಾಜಾಜಿಯವರದನ್ನೂ ತೆಗೆಯಿರಿ. ಬೆಲ್ಟ್ ಮುಚ್ಚುವ ತಗಡನ್ನು ಚಿತ್ರದಿಂದಲೂ ತೆಗೆಯಬೇಡಿ, ಬರಹದಿಂದಲೂ ತೆಗೆಯಬೇಡಿ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಟರ್ನರ್
ಡೆಂಕಣಿಕೋಟೆ ತಾಲೂಕು, ಕೃಷ್ಣಗಿರಿ ಜಿಲ್ಲೆ